ಯಾವ ಸಭೆಯವಳು?

ನಮ್ಮ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಚಿತ್ರಕಲೆ ಕಲಿಸಿದ ಟೀಚರ್ ಒಬ್ಬರು ತೀರಿಕೊಂಡದ್ದು ಬೆಳಿಗ್ಗೆ ಆರು ಗಂಟೆಗೆ. ಅವರು ಮಣ್ಣು ಸೇರಿದ್ದು ಸಂಜೆ ಆರೂವರೆಗೆ. ನಡುವಿನ ಹನ್ನೆರಡೂವರೆ ಗಂಟೆಗಳಲ್ಲಿ ಏನು ನಡೆಯಿತು ಎಂಬುದನ್ನು ಬರೆಯದೆ ನನಗೆ ಸಮಾಧಾನವಿಲ್ಲ. ಅವರ ಹೆಸರು ಬೇಡ, ಊರಿನ ಹೆಸರೂ ಬೇಡ. ಇಂಥದ್ದು ನಡೆಯದ ಊರು ಯಾವುದಾದರೂ ಇದ್ದರೆ ಆ ಊರಿನವರು ಪುಣ್ಯವಂತರು.

ಅವರು ಹುಟ್ಟಿದ್ದು ಕಥೋಲಿಕ ಮನೆತನದಲ್ಲಿ. ಮದುವೆಯಾಗಿ ಬಂದದ್ದು ಪ್ರೊಟೆಸ್ಟೆಂಟ್ ಮನೆಗೆ. ಗಂಡ ಹೋದ ಮೇಲೆ, ಮಂಡಿನೋವಿನಿಂದ ದೂರ ನಡೆಯಲಾರದೆ, ಮಗಳ ಮನೆಯ ಹತ್ತಿರವಿದ್ದ ಒಂದು ಸಣ್ಣ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದರು. ಮೂರು ಕಡೆಯೂ ಅವರು ಕೈಮುಗಿದದ್ದು ಒಬ್ಬ ಕ್ರಿಸ್ತನಿಗೇ. ಆದರೆ ಆ ದಿನ ಹುಟ್ಟಿದ ಸಭೆಯವರು, "ಅವರು ನಮ್ಮನ್ನು ಬಿಟ್ಟು ಹೋದವರಲ್ಲವೆ?" ಎಂದರು. ಮದುವೆಯಾಗಿ ಬಂದ ಸಭೆಯವರು ದಫ್ತರ ತೆಗೆದು ನೋಡಿ, "ಹನ್ನೊಂದು ವರ್ಷದಿಂದ ಚಂದಾ ಬಾಕಿ ಇದೆ, ಕಮಿಟಿ ಕೂಡಬೇಕಾಗುತ್ತದೆ" ಎಂದರು. ಪ್ರಾರ್ಥನಾ ಮಂದಿರದವರು ಒಳ್ಳೆಯ ಮಾತನಾಡಿದರು, ಕಣ್ಣೀರನ್ನೂ ಹಾಕಿದರು, ಆದರೆ ಅವರಿಗೆ ಸ್ಮಶಾನದ ಜಾಗವೇ ಇರಲಿಲ್ಲ. ಮೇ ತಿಂಗಳ ಬಿಸಿಲು. ಮೀನು ಮಾರುಕಟ್ಟೆಯಿಂದ ಐಸ್ ತಂದದ್ದು ನಮ್ಮ ಶಾಲೆಯ ಜವಾನ. ಅವನು ಕ್ರೈಸ್ತನಲ್ಲ. ಕೊನೆಗೆ ಕಮಿಟಿಯವರು ಕೂಡಿ, ಕಾಂಪೌಂಡ್ ಗೋಡೆಯ ಪಕ್ಕದ ಒಂದು ಮೂಲೆಯನ್ನು ತೋರಿಸಿ, "ಇದೊಂದು ಸಲ" ಎಂದರು. ಅದೇ ಕಾಂಪೌಂಡಿನ ಗೇಟಿನ ಮೇಲೆ ವಾರ್ಷಿಕ ಕೂಟದ ಬಟ್ಟೆಯ ಬ್ಯಾನರ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು: "ಕ್ರಿಸ್ತನಿಗೆ ಮೊದಲ ಸ್ಥಾನ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಗಾದೆ ಇನ್ನೊಬ್ಬರ ಗುಡಿಯ ಬಗ್ಗೆ ಎಂದು ನಾನು ಅಲ್ಲಿಯವರೆಗೂ ತಿಳಿದಿದ್ದೆ.

ಓದುಗ ಸೋದರಿಯರಲ್ಲಿ ಬಹಳ ಜನ ಕ್ರೈಸ್ತರಲ್ಲ ಎಂದು ನನಗೆ ಗೊತ್ತು. ಇದು ನಮ್ಮೊಳಗಿನ ಜಗಳ, ನಿಮಗೇಕೆ ಎನ್ನಬಹುದು. ಆದರೆ ಹೆಣ ಅಂಗಳದಲ್ಲಿರುವಾಗ "ಇವಳು ಯಾರ ಕಡೆಯವಳು?" ಎಂದು ಲೆಕ್ಕ ಹಾಕುವ ಜನ ಎಲ್ಲ ಕೇರಿಯಲ್ಲೂ ಇದ್ದಾರೆ. ಹೆಣ್ಣಿಗಂತೂ ಈ ಲೆಕ್ಕ ಎರಡು ಸಲ. ತವರಿನವರು "ಕೊಟ್ಟ ಹೆಣ್ಣು" ಎನ್ನುತ್ತಾರೆ, ಅತ್ತೆಮನೆಯವರು "ಬಂದವಳು" ಎನ್ನುತ್ತಾರೆ.

ಆ ದಿನ ರಾತ್ರಿ ನನಗೆ ನನ್ನ ತಂಗಿಯ ಮಾತು ನೆನಪಾಯಿತು. ಅವಳು ಉಗಾಂಡ ದೇಶದ ಕಂಪಾಲಾದ ಒಂದು ಆಸ್ಪತ್ರೆಯಲ್ಲಿ ಆರು ವರ್ಷ ನರ್ಸ್ ಆಗಿದ್ದವಳು. ರಜಕ್ಕೆ ಬಂದಾಗಲೆಲ್ಲ ಅಲ್ಲಿಯ ಕಥೆ ಹೇಳುತ್ತಿದ್ದಳು. ಒಮ್ಮೆ ಅವಳ ಜೊತೆಯ ನರ್ಸಿನ ತಂದೆ ತೀರಿಕೊಂಡಾಗ ಇವಳು ಹಳ್ಳಿಗೆ ಹೋಗಿದ್ದಳಂತೆ. ಒಬ್ಬ ಮಗ ಕಥೋಲಿಕ, ಒಬ್ಬ ಆಂಗ್ಲಿಕನ್, ಚಿಕ್ಕಪ್ಪ ಮುಸಲ್ಮಾನ. ಮೂವರೂ ಸೇರಿ ಗುಂಡಿ ತೋಡಿದರಂತೆ. "ಯಾವ ಸ್ಮಶಾನ?" ಎಂದು ಇವಳು ಕೇಳಿದ್ದಕ್ಕೆ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ. ಅಲ್ಲಿಯ ಬಗಾಂಡ ಜನ ಸಾಮಾನ್ಯವಾಗಿ ತಮ್ಮವರನ್ನು ಮಣ್ಣು ಮಾಡುವುದು ಮನೆತನದ ಸ್ವಂತ ನೆಲದಲ್ಲಿ, ಅಜ್ಜ ಮುತ್ತಜ್ಜಂದಿರ ಪಕ್ಕದಲ್ಲಿ. ಅದಕ್ಕೆ ಯಾವ ಪಾದ್ರಿಯ ದಫ್ತರವೂ ಬೇಕಾಗಿಲ್ಲ.

ಈ ಬಗಾಂಡ ಜನರಲ್ಲಿ ಐವತ್ತಕ್ಕೂ ಹೆಚ್ಚು ಕುಲಗಳಿವೆ. ಸಿಂಹದ ಕುಲ, ಕೋತಿಯ ಕುಲ, ಮಿಡತೆಯ ಕುಲ, ಅಣಬೆಯ ಕುಲ, ಹೀಗೆ. ಯಾವುದರ ಹೆಸರು ಕುಲಕ್ಕಿದೆಯೋ ಅದನ್ನು ಅವರು ತಿನ್ನುವುದಿಲ್ಲ, ತಮ್ಮ ಕುಲದೊಳಗೇ ಮದುವೆಯಾಗುವುದಿಲ್ಲ. ನಮ್ಮ ತುಳುನಾಡಿನ ಬಳಿಗಳು, ಘಟ್ಟದ ಮೇಲಿನ ಬೆಡಗುಗಳು ನೆನಪಾಗುತ್ತವಲ್ಲವೆ? ಒಂದೇ ಕುಲದಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಸತ್ತವರ ಕೊನೆಯ ಕರ್ಮಕ್ಕೆ, ವಾರಸುದಾರನನ್ನು ಕೂರಿಸುವ ದಿನಕ್ಕೆ, ಎಲ್ಲರೂ ಬಂದು ಕೂಡುತ್ತಾರೆ. ಅಲ್ಲಿ ಮಿಡತೆಯ ಹೆಸರು ಕೂಡಿಸುವಷ್ಟು ಜನರನ್ನು ಇಲ್ಲಿ ಕ್ರಿಸ್ತನ ಹೆಸರು ಕೂಡಿಸಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಆಫ್ರಿಕವೆಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಕಾಡು, ಬರಗಾಲ, ಸಿಂಹ. ಅದು ಒಂದು ದೇಶವಲ್ಲ, ಐವತ್ತಕ್ಕೂ ಹೆಚ್ಚು ದೇಶಗಳ ಖಂಡ ಎಂದು ಭೂಗೋಳದ ಪಾಠದಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕ್ರೈಸ್ತರಾದ ನಮಗೆ ಮತ್ತೂ ಒಂದು ಅಹಂಕಾರವಿದೆ. ಅವರು ಇತ್ತೀಚೆಗೆ ಕಲಿತವರು, ನಾವು ಹಳಬರು ಎಂದು. ಆದರೆ ಇಥಿಯೋಪಿಯದ ರಾಜ ಎಜಾನ ಕ್ರೈಸ್ತನಾದದ್ದು 4ನೇ ಶತಮಾನದಲ್ಲಿ. ಇನ್ನು ನಮ್ಮ ಬಾಸೆಲ್ ಮಿಷನ್ ಮನೆತನಗಳ ಮಾತು. ಆ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಈಗ ಘಾನಾ ಎನ್ನುವ ಗೋಲ್ಡ್ ಕೋಸ್ಟಿಗೆ ಅವರು ಹೋದದ್ದು ಅದಕ್ಕೂ ಆರು ವರ್ಷ ಮೊದಲು, 1828ರಲ್ಲಿ. ನಮಗೆ ಕಿಟ್ಟೆಲರು 1894ರಲ್ಲಿ ಕನ್ನಡ ನಿಘಂಟು ಕೊಟ್ಟರು, ಅವರಿಗೆ ಕ್ರಿಸ್ಟಾಲರ್ ಎಂಬವರು 1881ರಲ್ಲೇ ಟ್ವಿ ಭಾಷೆಯ ನಿಘಂಟು ಕೊಟ್ಟರು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಅಕ್ಕ ಅವರು, ತಂಗಿ ನಾವು.

ಆ ತಾಯಿ ಇಬ್ಬರಿಗೂ ಕೊಟ್ಟ ಇನ್ನೊಂದು ಬಳುವಳಿ ಇದೆ, ಅದು ಗೋಡೆ. ಘಾನಾದಲ್ಲಿ ಹೊಸದಾಗಿ ಕ್ರೈಸ್ತರಾದವರಿಗೆ ಊರಿಂದ ಬೇರೆಯಾಗಿ ಒಂದು ಕೇರಿ ಕಟ್ಟಿಸಿ ಅದಕ್ಕೆ "ಸೇಲಂ" ಎಂದು ಹೆಸರಿಟ್ಟರು. ನಮ್ಮಲ್ಲಿ ಅದು "ಮಿಷನ್ ಕಾಂಪೌಂಡು" ಆಯಿತು. ನಾನು ಹುಟ್ಟಿದ್ದು ಅಂಥ ಕಾಂಪೌಂಡಿನಲ್ಲೇ. ಅಲ್ಲಿ ಶಾಲೆ ಇತ್ತು, ಶಿಸ್ತು ಇತ್ತು, ಹೆಣ್ಣುಮಕ್ಕಳು ಅಕ್ಷರ ಕಲಿತರು, ನಾನು ಬಿ.ಎ., ಬಿ.ಎಡ್. ಮಾಡಿದ್ದೂ ಅದರ ಋಣದಿಂದಲೇ. ಉಪ್ಪು ತಿಂದ ಮನೆಯನ್ನು ನಾನು ಹಳಿಯಲಾರೆ. ಆದರೆ ಗೋಡೆ ಕಟ್ಟುವುದನ್ನು ಕಲಿತವರು ಒಂದೇ ಗೋಡೆಗೆ ನಿಲ್ಲಿಸುವುದಿಲ್ಲ. ಮೊದಲು ಊರಿಗೂ ನಮಗೂ ನಡುವೆ, ಆಮೇಲೆ ನಮ್ಮ ಸಭೆಗೂ ಪಕ್ಕದ ಸಭೆಗೂ ನಡುವೆ, ಕೊನೆಗೆ ಗೋರಿಗೂ ಗೋರಿಗೂ ನಡುವೆ.

ಉಗಾಂಡದಲ್ಲಿ ಈ ಗೋಡೆ ಏನು ಮಾಡಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿಗೆ ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿಗಳು 1877ರಲ್ಲಿ ಬಂದರು, ಫ್ರಾನ್ಸಿನ ಕಥೋಲಿಕ ಪಾದ್ರಿಗಳು 1879ರಲ್ಲಿ. ಅರಮನೆಯಲ್ಲಿ ಊಳಿಗಕ್ಕಿದ್ದ ಹುಡುಗರು ಕೆಲವರು ಇವರಲ್ಲಿ, ಕೆಲವರು ಅವರಲ್ಲಿ ಓದು ಕಲಿತು ಕ್ರೈಸ್ತರಾದರು. ಮ್ವಾಂಗಾ ಎಂಬ ಎಳೆಯ ವಯಸ್ಸಿನ ರಾಜ ಪಟ್ಟಕ್ಕೆ ಬಂದ. ತನ್ನ ಆಜ್ಞೆಗಿಂತ ಕ್ರಿಸ್ತನ ಆಜ್ಞೆ ದೊಡ್ಡದು ಎನ್ನುವ ಈ ಹುಡುಗರನ್ನು ಅವನು ಸಹಿಸಲಿಲ್ಲ. 1885ರಿಂದ 1887ರವರೆಗೆ ಕೊಲ್ಲಲ್ಪಟ್ಟವರಲ್ಲಿ ಹೆಸರು ಗೊತ್ತಿರುವವರು 45 ಮಂದಿ, 22 ಕಥೋಲಿಕರು, 23 ಆಂಗ್ಲಿಕನ್ನರು. 1886ರ ಜೂನ್ 3ರಂದು ನಮುಗೊಂಗೊ ಎಂಬಲ್ಲಿ ಎರಡೂ ಕಡೆಯ ಹುಡುಗರನ್ನು ಜೊಂಡಿನ ಚಾಪೆಯಲ್ಲಿ ಸುತ್ತಿ ಬೆಂಕಿಗೆ ಹಾಕಿದರು. ನಮ್ಮ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳ ವಯಸ್ಸಿನವರೂ ಅವರಲ್ಲಿದ್ದರು. ಬೆಂಕಿ ಯಾರನ್ನೂ "ನೀನು ಯಾವ ಸಭೆ?" ಎಂದು ಕೇಳಲಿಲ್ಲ.

ಇದಾಗಿ ಆರು ವರ್ಷ ಕೂಡ ತುಂಬಿರಲಿಲ್ಲ. 1892ರ ಜನವರಿ 24ರಂದು ಅದೇ ರಾಜಧಾನಿಯ ಮೆಂಗೊ ಗುಡ್ಡದ ಬಳಿ ಆ ಹುತಾತ್ಮರ ಸಂಗಡಿಗರೇ ಎರಡು ಪಕ್ಷವಾಗಿ ಬಂದೂಕು ಹಿಡಿದು ಹೊಡೆದಾಡಿದರು. ಬ್ರಿಟಿಷ್ ಕಂಪನಿಯ ಲುಗಾರ್ಡ್ ಎಂಬ ಅಧಿಕಾರಿ ಪ್ರೊಟೆಸ್ಟೆಂಟರ ಕೈಗೆ ಬಂದೂಕು ಕೊಟ್ಟ, ತನ್ನ ಮ್ಯಾಕ್ಸಿಮ್ ಫಿರಂಗಿಯನ್ನೂ ಹಾರಿಸಿದ. ಆ ಪಕ್ಷಗಳಿಗೆ ಜನರ ಬಾಯಲ್ಲಿ ಇದ್ದ ಹೆಸರೇನು ಗೊತ್ತೆ? ಕಥೋಲಿಕರಿಗೆ "ಬಫ್ರಾನ್ಸ", ಎಂದರೆ ಫ್ರಾನ್ಸಿನವರು. ಪ್ರೊಟೆಸ್ಟೆಂಟರಿಗೆ "ಬಂಗೆರೆಜಾ", ಎಂದರೆ ಇಂಗ್ಲೆಂಡಿನವರು. ಆ ಜನರಲ್ಲಿ ಫ್ರಾನ್ಸನ್ನಾಗಲಿ ಇಂಗ್ಲೆಂಡನ್ನಾಗಲಿ ಕಂಡವರು ಎಷ್ಟು ಮಂದಿ ಇದ್ದಾರು? ಕ್ರಿಸ್ತನಿಗಾಗಿ ಒಟ್ಟಿಗೆ ಸುಟ್ಟುಹೋದವರ ಅಣ್ಣತಮ್ಮಂದಿರು ಪರದೇಶದ ಹೆಸರಿಗಾಗಿ ಒಬ್ಬರನ್ನೊಬ್ಬರು ಕೊಂದರು. ಜಗಳದ ನಂತರ ನಾಡಿನ ಹೋಬಳಿಗಳನ್ನೂ ಅಧಿಕಾರದ ಸ್ಥಾನಗಳನ್ನೂ ಸಭೆಯ ಲೆಕ್ಕದಲ್ಲೇ ಹಂಚಿದರು. ಮುಂದೆ ದೇಶ ಸ್ವತಂತ್ರವಾದಾಗ ರಾಜಕೀಯ ಪಕ್ಷಗಳಿಗೂ ಅದೇ ಬಣ್ಣ ಹತ್ತಿತ್ತು.

ಈಗಲೂ ಜೂನ್ 3ರಂದು ಲಕ್ಷಗಟ್ಟಲೆ ಜನ ನಮುಗೊಂಗೊಗೆ ಬರುತ್ತಾರೆ, ಪಕ್ಕದ ದೇಶಗಳಿಂದಲೂ ದಿನಗಟ್ಟಲೆ ನಡೆದು ಬರುತ್ತಾರೆ. ಅಲ್ಲಿ ಎರಡು ಪುಣ್ಯಸ್ಥಳಗಳಿವೆ. ಒಂದು ಕಥೋಲಿಕರದು, ಒಂದು ಆಂಗ್ಲಿಕನ್ನರದು. ನನ್ನ ತಂಗಿ ಮೊದಲ ವರ್ಷ ಹೋದಾಗ ದಾರಿ ಕವಲೊಡೆಯುವಲ್ಲಿ ನಿಂತು, "ಯಾವ ಕಡೆ ಹೋಗಲಿ?" ಎಂದು ಪಕ್ಕದಲ್ಲಿದ್ದ ಮುದುಕಿಯೊಬ್ಬಳನ್ನು ಕೇಳಿದಳಂತೆ. ಆಕೆ ನಾಲ್ಕು ದಿನ ನಡೆದು ಬಂದವಳು. "ಕಾಲು ನೋಯದಿದ್ದರೆ ಎರಡಕ್ಕೂ ಹೋಗು" ಎಂದಳಂತೆ. ಅಲ್ಲಿಗೆ 1969ರಲ್ಲಿ ಬಂದ ಪೋಪ್ ಆರನೆಯ ಪೌಲರೂ, 2015ರಲ್ಲಿ ಬಂದ ಪೋಪ್ ಫ್ರಾನ್ಸಿಸರೂ ಎರಡೂ ಕಡೆಗೆ ಹೋಗಿ ಪ್ರಾರ್ಥಿಸಿದರು. ದೊಡ್ಡವರು ಮಾಡಿ ತೋರಿಸಿದ್ದನ್ನು, ಮುದುಕಿಯೊಬ್ಬಳು ಸಹಜವಾಗಿ ಮಾಡಿದ್ದನ್ನು, ನಮ್ಮ ಊರಿನ ಕಮಿಟಿಗಳು ಮಾಡಲಾರವೆ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ನಮ್ಮ ಪಾದ್ರಿಗಳಲ್ಲೊಬ್ಬರು ನನಗೆ ಹೇಳಿದ್ದೇ ಅದು. "ಟೀಚರ್, ಬೋಧನೆಯಲ್ಲಿ ಭೇದವಿದೆ. ಸತ್ಯವನ್ನು ಬಿಟ್ಟು ಐಕ್ಯ ಮಾಡಲಾಗುತ್ತದೆಯೆ?" ಒಳ್ಳೆಯ ಪ್ರಶ್ನೆ. ದೀಕ್ಷಾಸ್ನಾನ ಶಿಶುವಿಗೋ ದೊಡ್ಡವರಿಗೋ, ಬಿಷಪ್ಪರ ಅಧಿಕಾರ ಎಲ್ಲಿಂದ ಬಂತು, ಕರ್ತನ ಭೋಜನದ ರೊಟ್ಟಿ ಏನಾಗುತ್ತದೆ, ಇವೆಲ್ಲ ಸಣ್ಣ ವಿಷಯಗಳೆಂದು ನಾನು ಹೇಳುವುದಿಲ್ಲ. ಅದಕ್ಕಾಗಿ ಪ್ರಾಣ ಕೊಟ್ಟವರಿದ್ದಾರೆ. ಆದರೆ ಆ ದಿನ ನಮ್ಮ ಟೀಚರ ಹೆಣದ ಮುಂದೆ ನಿಂತು ಯಾರಾದರೂ ಬೋಧನೆಯ ಮಾತೆತ್ತಿದರೆ? ಚಂದಾ ಬಾಕಿಯ ಮಾತೆತ್ತಿದರು, ಜಾಗದ ಮಾತೆತ್ತಿದರು, "ನಾಳೆ ಎಲ್ಲರೂ ಕೇಳುತ್ತಾರೆ" ಎಂಬ ಮಾತೆತ್ತಿದರು. ನಮ್ಮನ್ನು ಒಡೆಯುತ್ತಿರುವುದು ಬಹಳ ಸಲ ಬೋಧನೆಯಲ್ಲ. ಆಸ್ತಿ, ಹುದ್ದೆ, ಜಾತಿ, ಅಭ್ಯಾಸ ಒಡೆಯುತ್ತವೆ. ಬೋಧನೆ ಅವಕ್ಕೆ ಹೊದಿಸಿದ ಶಾಲು.

ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆಯ ಕಥೆ ಇದಕ್ಕೆ ಸಾಕ್ಷಿ. 1829ರಲ್ಲಿ ಅವರ ಮಹಾಸಭೆ ಒಂದು ನಿರ್ಣಯ ಮಾಡಿತು. ಕರ್ತನ ಭೋಜನದಲ್ಲಿ ಬಣ್ಣದ ಭೇದವಿಲ್ಲ, ಇದು ದೇವರ ವಾಕ್ಯದ ಮೇಲೆ ನಿಂತ ಅಲುಗದ ತತ್ವ ಎಂದು. ಆದರೆ ಕರಿಯರ ಜೊತೆ ಒಂದೇ ಬಟ್ಟಲಿನಲ್ಲಿ ಕುಡಿಯಲು ಕೆಲವು ಬಿಳಿಯರಿಗೆ ಮನಸ್ಸಿರಲಿಲ್ಲ. 1857ರ ಮಹಾಸಭೆ, ಕೂಡಿ ಆರಾಧಿಸುವುದೇ ಸರಿಯಾದದ್ದು ಎಂದು ಒಪ್ಪಿಕೊಂಡೇ, ಕೆಲವರ ದೌರ್ಬಲ್ಯದ ಕಾರಣ ಬೇರೆ ಬೇರೆ ಕೂಡಬಹುದು ಎಂದಿತು. ಒಬ್ಬರ ದೌರ್ಬಲ್ಯಕ್ಕೆ ತೆರೆದ ಕಿಟಕಿ 1881ರಲ್ಲಿ ಬೇರೆ ಸಭೆಯ ಬಾಗಿಲಾಯಿತು. ಮುಂದೆ ಇಡೀ ದೇಶವನ್ನೇ ಚರ್ಮದ ಬಣ್ಣದಿಂದ ಒಡೆದ ಕಾನೂನುಗಳಿಗೆ ಸತ್ಯವೇದದ ಆಧಾರ ಹುಡುಕಿ ಕೊಡುವವರೂ ಆ ಸಭೆಯಲ್ಲಿ ಹುಟ್ಟಿಕೊಂಡರು. ಬಟ್ಟಲಿನಿಂದ ಶುರುವಾದದ್ದು ಎಲ್ಲಿಗೆ ಹೋಯಿತು ನೋಡಿ!

ಅದಕ್ಕೆ ಉತ್ತರ ಕೊಟ್ಟವರು ಬೇರೆ ಕೂರಿಸಲ್ಪಟ್ಟವರೇ. 1982ರಲ್ಲಿ ಕೇಪ್ ಟೌನಿನ ಬೆಲ್ಹಾರ್ ಎಂಬ ಬಡಾವಣೆಯಲ್ಲಿ ಕೂಡಿದ ಅವರ ಮಹಾಸಭೆ ಒಂದು ನಂಬಿಕೆಯ ಅರಿಕೆಯನ್ನು ಬರೆಯಿತು, 1986ರಲ್ಲಿ ಅದನ್ನು ಅಂಗೀಕರಿಸಿತು. ಅದರ ಸಾರ ಸರಳ. ಐಕ್ಯವೆಂಬುದು ಪುರಸೊತ್ತಾದಾಗ ಮಾಡುವ ಕೆಲಸವಲ್ಲ, ಅದು ನಂಬಿಕೆಯ ಭಾಗ. ಜನರನ್ನು ಬೇರೆ ಮಾಡುವ ಬೋಧನೆ ಸುವಾರ್ತೆಗೆ ವಿರೋಧ. ಹಾಗಾದರೆ "ಮೊದಲು ಸತ್ಯ, ಆಮೇಲೆ ಐಕ್ಯ" ಎನ್ನುವ ನಮ್ಮ ಪಾದ್ರಿಗಳಿಗೆ ನಾನು ಹೇಳುವುದು ಇಷ್ಟೇ: ಐಕ್ಯವೂ ಸತ್ಯದ ಒಳಗೇ ಇದೆ. ಯೋಹಾನನ ಸುವಾರ್ತೆಯ 17ನೇ ಅಧ್ಯಾಯವನ್ನು ತೆಗೆದು ನೋಡಿ. ಸಾಯುವ ಹಿಂದಿನ ರಾತ್ರಿ ಕ್ರಿಸ್ತನು ತನ್ನವರಿಗಾಗಿ ಬೇಡಿಕೊಂಡದ್ದರಲ್ಲಿ ಅವರು ಒಂದಾಗಿರಲಿ ಎಂಬುದು ಮತ್ತೆ ಮತ್ತೆ ಬರುತ್ತದೆ. ಅವನಿಗೆ ಮೊದಲ ಸ್ಥಾನ ಎಂದ ಮೇಲೆ ಅವನ ಕೊನೆಯ ಕೋರಿಕೆಗೆ ಎಷ್ಟನೆಯ ಸ್ಥಾನ?

ಇನ್ನೊಂದು ಆಕ್ಷೇಪಣೆ: "ಕುಲ, ಪಿತೃ, ಸಾವಿನ ಕರ್ಮ ಎಂದೆಲ್ಲ ಆಫ್ರಿಕದ ಸಂಪ್ರದಾಯಗಳನ್ನು ಹೊಗಳುತ್ತೀರಿ. ಅವು ಅನ್ಯಧರ್ಮದವಲ್ಲವೆ?" ಸ್ವಾಮಿ, ಕ್ರಿಸ್ಮಸ್ ಮರ ಬೆತ್ಲೆಹೇಮಿನಲ್ಲಿ ಬೆಳೆದದ್ದೆ? ನಮ್ಮ ಹೆಣ್ಣುಮಕ್ಕಳು ಮದುವೆಯಲ್ಲಿ ಉಡುವ ಬಿಳಿ ಗೌನನ್ನು ಮರಿಯಮ್ಮ ಉಟ್ಟಿದ್ದಳೆ? ಯುರೋಪಿನವರ ಸಂಪ್ರದಾಯ ಬಂದರೆ ಅದು ಕ್ರೈಸ್ತ, ಆಫ್ರಿಕದವರದೋ ನಮ್ಮದೋ ಬಂದರೆ ಅದು ಅನ್ಯ. ಈ ತಕ್ಕಡಿಯನ್ನು ಮೊದಲು ಸರಿ ಮಾಡಿ, ಆಮೇಲೆ ತೂಗೋಣ.

ಆದರೆ ಆಫ್ರಿಕದ ಸಂಪ್ರದಾಯವೆಲ್ಲ ಚಿನ್ನ ಎಂದು ಹೇಳಿದರೆ ನಾನೂ ಸುಳ್ಳು ಹೇಳಿದಂತೆ. ಕುಲದ ನಂಟು ಕೂಡಿಸುತ್ತದೆ, ಅದೇ ನಂಟು ಕೊಲ್ಲುತ್ತದೆ ಕೂಡ. ರುವಾಂಡ ಎಂಬ ಪುಟ್ಟ ದೇಶ, ಗುಡ್ಡಗಳ ನಾಡು. ಹೂತು, ಟುಟ್ಸಿ ಎಂಬ ಎರಡು ಗುಂಪಿನವರು ಆಡುವುದು ಒಂದೇ ಭಾಷೆ. ಬೆಲ್ಜಿಯಂ ಸರಕಾರ 1930ರ ದಶಕದಲ್ಲಿ ಗುರುತಿನ ಚೀಟಿಯಲ್ಲಿ ಗುಂಪಿನ ಹೆಸರು ಬರೆಸಿ ಗೆರೆಯನ್ನು ಗಟ್ಟಿ ಮಾಡಿತು. 1994ರಲ್ಲಿ ಸುಮಾರು ನೂರು ದಿನಗಳಲ್ಲಿ ಅಂದಾಜು ಎಂಟು ಲಕ್ಷ ಜನರ ಕೊಲೆಯಾಯಿತು, ಸತ್ತವರಲ್ಲಿ ಹೆಚ್ಚಿನವರು ಟುಟ್ಸಿಗಳು. ಆ ದೇಶದ ನೂರಕ್ಕೆ ತೊಂಬತ್ತರಷ್ಟು ಜನ ಕ್ರೈಸ್ತರು! ಕೊಂದವನೂ ದೀಕ್ಷಾಸ್ನಾನ ಪಡೆದವನು, ಸತ್ತವನೂ ಪಡೆದವನು. ಎಷ್ಟೋ ಕಡೆ ಕೊಲೆ ನಡೆದದ್ದು ಚರ್ಚುಗಳ ಒಳಗೇ. ನ್ಯಾಮಾಟ, ನ್ಟರಾಮ ಎಂಬಲ್ಲಿ ಆ ಚರ್ಚುಗಳನ್ನು ಈಗ ಸ್ಮಾರಕವಾಗಿ ಇಟ್ಟಿದ್ದಾರೆ. ನ್ಯಾಂಗೆ ಎಂಬ ಊರಿನಲ್ಲಂತೂ ಜನ ಆಶ್ರಯ ಪಡೆದಿದ್ದ ಚರ್ಚನ್ನೇ ಬುಲ್ಡೋಜರಿನಿಂದ ಅವರ ಮೇಲೆ ಕೆಡವಿದರು. ಅಲ್ಲಿಯ ಪಾದ್ರಿಗೇ ಅಂತರರಾಷ್ಟ್ರೀಯ ನ್ಯಾಯಾಲಯ 2008ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಭಾನುವಾರ ಒಟ್ಟಿಗೆ ಹಾಡಿದವರಿಗೆ ಸೋಮವಾರ ರಕ್ತವೇ ದೊಡ್ಡದಾಯಿತು. ದೀಕ್ಷಾಸ್ನಾನದ ನೀರು ಎಲ್ಲಿ ಇಂಗಿಹೋಯಿತೋ!

ಅದೇ ನ್ಯಾಂಗೆಯಲ್ಲಿ, ಮೂರು ವರ್ಷದ ಮೇಲೆ, 1997ರ ಮಾರ್ಚ್ 18ರ ರಾತ್ರಿ, ಒಂದು ಪ್ರೌಢಶಾಲೆಗೆ ಬಂದೂಕುಧಾರಿಗಳು ನುಗ್ಗಿದರು. ಮಕ್ಕಳು ರಾತ್ರಿಯ ಓದಿಗೆ ಕುಳಿತಿದ್ದರು. "ಹೂತುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ" ಎಂದು ಅಪ್ಪಣೆಯಾಯಿತು. ಮಕ್ಕಳು ನಿಲ್ಲಲಿಲ್ಲ. ನಾವೆಲ್ಲ ರುವಾಂಡದವರು ಎಂದರು. ಬೇರೆಯಾಗಿದ್ದರೆ ಅರ್ಧ ಮಕ್ಕಳಾದರೂ ಉಳಿಯುತ್ತೇವೆಂದು ಅವರಿಗೆ ಗೊತ್ತಿತ್ತು. ಆದರೂ ಬೇರೆಯಾಗಲಿಲ್ಲ. ಗುಂಡು, ಗ್ರೆನೇಡು ಎಲ್ಲರ ಮೇಲೂ ಬಿದ್ದವು. ಕೆಲವರು ಸತ್ತರು, ಅನೇಕರು ಗಾಯಗೊಂಡರು. ಇಂದು ಆ ದೇಶ ಅವರನ್ನು ರಾಷ್ಟ್ರವೀರರೆಂದು ನೆನೆಯುತ್ತದೆ. ಮೂವತ್ತು ವರ್ಷ ಮಕ್ಕಳಿಗೆ "ಸಾಲಾಗಿ ನಿಲ್ಲಿ" ಎಂದು ಹೇಳಿದವಳು ನಾನು. ಸಾಲು ಮಾಡಲು ಒಪ್ಪದ ಆ ಮಕ್ಕಳಿಗೆ ನಾನು ಕಲಿಸುವುದೇನೂ ಇಲ್ಲ, ಕಲಿಯುವುದಿದೆ.

ಹಾಗಾದರೆ ಕುಲ ಬೇಕೋ ಬೇಡವೋ? ಆಫ್ರಿಕದ ವಿದ್ವಾಂಸರೇ ಇದಕ್ಕೆ ಒಂದು ದಾರಿ ತೋರಿಸಿದ್ದಾರೆ. ಟಾಂಜಾನಿಯದ ಪಾದ್ರಿ ಚಾರ್ಲ್ಸ್ ನ್ಯಾಮಿಟಿ 1984ರಲ್ಲಿ ಕ್ರಿಸ್ತನನ್ನು ನಮ್ಮ ಪೂರ್ವಜ ಎಂದು ಕರೆದು ಒಂದು ಪುಸ್ತಕ ಬರೆದರು. ಕಾಂಗೋದ ಬೆನೆಜೆ ಬುಜೊ ಅವನನ್ನು ಎಲ್ಲ ಪೂರ್ವಜರಿಗೂ ಮೊದಲಿನವನು ಎಂದರು. ಅಲ್ಲಿಯ ಹಳ್ಳಿಗಳಲ್ಲಿ ಪೂರ್ವಜ ಎಂದರೆ ಗೋಡೆಗೆ ತೂಗುಹಾಕಿದ ಫೋಟೋ ಅಲ್ಲ. ಮನೆತನಕ್ಕೆ ಜೀವ ಕೊಟ್ಟವನು, ಹೆಸರು ಕೊಟ್ಟವನು, ಇರುವವರನ್ನೂ ಸತ್ತವರನ್ನೂ ಇನ್ನೂ ಹುಟ್ಟದವರನ್ನೂ ಒಂದೇ ದಾರದಲ್ಲಿ ಪೋಣಿಸಿದವನು. ಅವನ ಹೆಸರೆತ್ತಿದರೆ ಜಗಳ ನಿಲ್ಲಬೇಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೂಲಪುರುಷ.

ಈ ಮಾತು ನನಗೆ ಬಹಳ ಹಿಡಿಸಿತು. ಮೂಲಪುರುಷನನ್ನು ಬದಲಾಯಿಸಿದರೆ ಕುಲವೇ ಬದಲಾಗುತ್ತದೆ. ಕ್ರಿಸ್ತನೇ ಮೂಲಪುರುಷನಾದರೆ ಹೂತುವಿಗೂ ಟುಟ್ಸಿಗೂ ಒಂದೇ ಬಳಿ. ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಒಂದೇ ಬೆಡಗು. ಕುಲಕ್ಕೆ ಇರುವ ಕರುಳು ಉಳಿಯುತ್ತದೆ, ಅದರ ಕತ್ತಿ ಕೆಳಗೆ ಬೀಳುತ್ತದೆ. "ಕ್ರಿಸ್ತನಿಗೆ ಮೊದಲ ಸ್ಥಾನ" ಎಂಬ ಮಾತಿಗೆ ನಾನು ಕಂಡ ಅರ್ಥ ಇದೇ. ಅದು ಬ್ಯಾನರಿನಲ್ಲಿ ಅವನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸುವುದಲ್ಲ, ವಂಶಾವಳಿಯಲ್ಲಿ ಅವನನ್ನು ಮೇಲೆ ಬರೆದು ನಮ್ಮ ಸಭೆಯ ಹೆಸರನ್ನು ಕೆಳಗೆ ಬರೆಯುವುದು. ನಾವು ಮಾಡುತ್ತಿರುವುದು ಅದರ ತಿರುಗಾಮುರುಗ.

ಬೇರೆಯವರನ್ನು ಇಷ್ಟು ಬೈದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ನನ್ನ ಮಗ ಒಂದು ಹುಡುಗಿಯನ್ನು ಮೆಚ್ಚಿ, "ಅಮ್ಮಾ, ಕ್ರೈಸ್ತಳೇ" ಎಂದು ಮುಂಗಡವಾಗಿ ಧೈರ್ಯ ಕೊಟ್ಟು ಹೇಳಿದ ದಿನ, ನನ್ನ ಬಾಯಿಂದ ಬಂದ ಮೊದಲ ಮಾತು, "ಯಾವ ಸಭೆಯವಳು?" ಹುಡುಗಿಯ ಹೆಸರು ಕೇಳಲಿಲ್ಲ, ಏನು ಓದಿದ್ದಾಳೆ ಎಂದು ಕೇಳಲಿಲ್ಲ. ಸಭೆ ಎಂಬ ಮಾತಿನ ಸೆರಗಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕಟ್ಟಿಕೊಂಡಿದ್ದೆ, ಅವರ ಹಿಂದಿನವರು ಯಾವ ಜಾತಿಯಿಂದ ಬಂದವರು ಎಂದು. ಕ್ರೈಸ್ತರ ವಧೂವರರ ಜಾಹೀರಾತುಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಮಗ ನನ್ನ ಮುಖ ನೋಡಿ ಸುಮ್ಮನಾದ. ಆ ಮೌನ ಎರಡು ವರ್ಷ ನಮ್ಮ ಮನೆಯಲ್ಲಿತ್ತು. ಕೊನೆಗೆ ಮದುವೆಯಾಯಿತು, ಸೊಸೆ ಬಂದಳು, ನನಗೆ ಕಾಯಿಲೆಯಾದಾಗ ರಾತ್ರಿಯೆಲ್ಲ ಕಾಲು ಒತ್ತಿದವಳು ಅವಳೇ. ಆದರೆ ಆ ಎರಡು ವರ್ಷವನ್ನು ನಾನು ಯಾರಿಂದ ಮರಳಿ ತರಲಿ? ಆದ್ದರಿಂದ ಕಮಿಟಿಯವರನ್ನು ಮಾತ್ರ ದೂರಿ ನಾವು ಹೆಂಗಸರು ತಪ್ಪಿಸಿಕೊಳ್ಳುವಂತಿಲ್ಲ. ಗಂಡಸರು ಗೋಡೆ ಕಟ್ಟುತ್ತಾರೆ, ಸುಣ್ಣ ಬಳಿಯುವವರು ನಾವು.

ಮಹಾಸಭೆಗಳು ಕೂಡಿ ಒಂದಾಗುವುದನ್ನು ಕಾಯುತ್ತ ಕೂತರೆ ಆಗದು. ನಮ್ಮ ದಕ್ಷಿಣ ಇಂಡಿಯಾ ಸಭೆ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದವರು ಕೂಡಿ ಆದದ್ದು. ಲೋಕವೆಲ್ಲ ಅದನ್ನು ಬೆರಗಿನಿಂದ ನೋಡಿತು, ನಮಗೂ ಹೆಮ್ಮೆ. ನೈಜೀರಿಯದಲ್ಲಿ ಅಂಥದ್ದೇ ಐಕ್ಯಕ್ಕೆ 1965ರ ಡಿಸೆಂಬರಿನಲ್ಲಿ ಮುಹೂರ್ತವಾಗಿತ್ತು, ಕೊನೆಯ ಗಳಿಗೆಯಲ್ಲಿ ಮುರಿಯಿತು, ಇಂದಿಗೂ ಆಗಿಲ್ಲ. ಆದರೆ ಕಾಗದದಲ್ಲಿ ಒಂದಾದ ನಮ್ಮಲ್ಲಿ ಏನಾಗಿದೆ? ಹೆಸರಿಗೆ ಹೊನ್ನಮ್ಮ ಎಂಬಂತೆ, ಚುನಾವಣೆ ಬಂದರೆ ಹಳೆಯ ಮಿಷನ್ನಿನ ಲೆಕ್ಕ, ಜಾತಿಯ ಲೆಕ್ಕ ಮತ್ತೆ ತಲೆ ಎತ್ತುತ್ತದೆ.

ನನಗೆ ಭರವಸೆ ಇರುವುದು ಬೇರೆ ಕಡೆ. ದಕ್ಷಿಣ ಆಫ್ರಿಕದಲ್ಲಿ "ಮನ್ಯಾನೊ" ಎಂಬ ಹೆಂಗಸರ ಪ್ರಾರ್ಥನಾ ಕೂಟಗಳಿವೆ. ಅಲ್ಲಿಯ ಕ್ಸೋಸಾ ಭಾಷೆಯಲ್ಲಿ ಆ ಮಾತಿಗೆ ಅರ್ಥವೇ ಕೂಡುವುದು, ಒಂದಾಗುವುದು. ಕೂಡುವುದು ಗುರುವಾರ ಮಧ್ಯಾಹ್ನ. ಏಕೆಂದರೆ ಬಿಳಿಯರ ಮನೆಗಳಲ್ಲಿ ದುಡಿಯುವ ಕೆಲಸದವರಿಗೆ ಬಿಡುವು ಸಿಗುತ್ತಿದ್ದದ್ದು ಆ ಹೊತ್ತಿಗೆ. ಮೆಥಡಿಸ್ಟ್ ಹೆಂಗಸರಿಗೆ ಕೆಂಪು ರವಿಕೆ, ಕಪ್ಪು ಲಂಗ, ಬಿಳಿ ಟೋಪಿ. ಬೇರೆ ಸಭೆಗಳಿಗೆ ಬೇರೆ ಬಣ್ಣ. ಅಲ್ಲೂ ಭೇದವಿದೆ ಎಂದು ನೀವು ಕೇಳಬಹುದು, ಇದೆ. ಆದರೆ ಕೇರಿಯಲ್ಲಿ ಸಾವಾದರೆ ಆ ಬಣ್ಣಗಳೆಲ್ಲ ಒಂದೇ ಅಂಗಳದಲ್ಲಿ ಕೂರುತ್ತವೆ, ರಾತ್ರಿಯೆಲ್ಲ ಹಾಡುತ್ತವೆ, ಬೆಳಗಾದರೆ ಪಾತ್ರೆ ತೊಳೆಯುತ್ತವೆ. ಮನುಷ್ಯ ಮನುಷ್ಯನಾಗುವುದು ಇತರ ಮನುಷ್ಯರಿಂದ ಎಂಬ ಅರ್ಥದ ಗಾದೆಯೊಂದು ಆ ಜನರಲ್ಲಿದೆ. ಬಿಷಪ್ ಡೆಸ್ಮಂಡ್ ಟೂಟು ಅದನ್ನು "ಉಬುಂಟು" ಎಂದು ಲೋಕಕ್ಕೆಲ್ಲ ಹೇಳಿದರು. ಆದರೆ ಅವರಿಗಿಂತ ಮೊದಲೇ ಅದನ್ನು ಬದುಕಿ ತೋರಿಸಿದವರು ಈ ಮನೆಗೆಲಸದ ಹೆಂಗಸರು.

ನಮ್ಮ ಊರಿನ ಸ್ತ್ರೀಯರ ಕೂಟಗಳನ್ನು ನಾನು ಕೇಳುವುದು ದೊಡ್ಡದೇನಲ್ಲ. ಎಲ್ಲ ಸಭೆಯ ಸ್ಮಶಾನಗಳ ಗೇಟೂ ಎಲ್ಲ ಕ್ರೈಸ್ತರಿಗೆ ತೆರೆದಿರಲಿ ಎಂದು ಒಂದು ಅರ್ಜಿ ಬರೆಯೋಣ, ನಾವೇ ಸಹಿ ಹಾಕೋಣ. ಬೇರೆ ಸಭೆಯ ಮನೆಯಲ್ಲಿ ಸಾವಾದರೆ ಪಾದ್ರಿಯ ಅಪ್ಪಣೆಗೆ ಕಾಯದೆ ಗಂಜಿ ಹೊತ್ತುಕೊಂಡು ಹೋಗೋಣ. ಮಕ್ಕಳ ಮದುವೆಯ ಮಾತು ಬಂದಾಗ ಆ ಒಂದು ಪ್ರಶ್ನೆಯನ್ನು ನಾಲಗೆಯ ತುದಿಯಲ್ಲೇ ನುಂಗೋಣ. ಅರ್ಜಿಯನ್ನು ಹಿಡಿದು ನಾನು ಮೂರು ಸಭೆಯ ಮನೆಗಳಿಗೆ ಹೋದೆ. ಈವರೆಗೆ ಹತ್ತೊಂಬತ್ತು ಸಹಿಗಳು ಬಿದ್ದಿವೆ. ಅದರಲ್ಲಿ ಒಂದು ನನ್ನ ಸೊಸೆಯದು. ಕಮಿಟಿಯವರು "ನೋಡೋಣ" ಎಂದಿದ್ದಾರೆ. ನೋಡಲಿ, ನಾವೂ ಬಿಡುವುದಿಲ್ಲ.

ನಮ್ಮ ಡ್ರಾಯಿಂಗ್ ಟೀಚರ್ ಆ ಗೋಡೆಯ ಮೂಲೆಯಲ್ಲಿ ಮಲಗಿದ್ದಾರೆ. ಕಳೆದ ನವೆಂಬರ್ 2ರಂದು, ಸತ್ತವರ ಹಬ್ಬದ ದಿನ, ನಾನು ಪೊರಕೆ ಹಿಡಿದು ಹೋದಾಗ ಯಾರೋ ಆಗಲೇ ಗುಡಿಸಿ, ಸೇವಂತಿಗೆ ಇಟ್ಟು, ಮೇಣದ ಬತ್ತಿ ಹಚ್ಚಿ ಹೋಗಿದ್ದರು. ಯಾವ ಸಭೆಯವರೋ ಗೊತ್ತಾಗಲಿಲ್ಲ. ಗೇಟಿನ ಕಾವಲುಗಾರನಿಗೆ ಗೊತ್ತಿದ್ದಿರಬೇಕು, ನಾನು ಕೇಳಲಿಲ್ಲ.